ಎ2 ಶೇ. 3.4 ಎಂದರೆ ನಿಶ್ಚಿಂತೆಯೇ?

ಪತ್ರ: ಮಗಳಿಗೆ 22 ವರ್ಷ. ಹಿಮೋಗ್ಲೋಬಿನ್ 10.9. ಆರು ತಿಂಗಳಿಂದ ಕಬ್ಬಿಣದ ಗುಳಿಗೆಯನ್ನು ಬಿಟ್ಟು ಬಿಟ್ಟು ನುಂಗುತ್ತಾಳೆ, ಏರಿಲ್ಲ. ಥಲಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರಕ್ತದೋಷ) ನೋಡಲು ಹುಬ್ಬಳ್ಳಿಗೆ ರಕ್ತ ಕಳಿಸಿದ್ದೆವು. ಎಚ್‌ಪಿಎಲ್‌ಸಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ವರದಿಯಲ್ಲಿ ಎ2 ಎಂಬ ಹಿಮೋಗ್ಲೋಬಿನ್ ಬಗೆ ಶೇ. 3.4, ‘ನಾರ್ಮಲ್’ ಎಂದಿದೆ. ನನ್ನ ತಮ್ಮನಿಗೇ ಕೊಡುವ ಮಾತಾಗಿದೆ. ಮುಂದುವರಿಯಬಹುದೇ?
— ಓದುಗರೊಬ್ಬರು, ಗದಗ

ಉತ್ತರ: ಅಕ್ಕಾ, ಮಾತುಕತೆ ಮುರಿಯುವಂಥದ್ದೇನೂ ಆಗಿಲ್ಲ. ಆದರೆ ಆ ಒಂದು ಅಂಕಿಯನ್ನು ನಂಬಿ ಮುಹೂರ್ತ ಇಡಬೇಡಿ.

ನೀವು ಲಗತ್ತಿಸಿದ ಸಿಬಿಸಿ (ರಕ್ತಕಣಗಳ ಎಣಿಕೆ) ವರದಿ ನೋಡಿ. ಕೆಂಪು ಕಣಗಳು 58 ಲಕ್ಷ, ಅಂದರೆ 5.8 ಮಿಲಿಯನ್; ಎಂಸಿವಿ, ಅಂದರೆ ಕೆಂಪು ಕಣದ ಸರಾಸರಿ ಗಾತ್ರ, 64. ಕಣಗಳು ತುಂಬ ಇವೆ, ಆದರೆ ಒಂದೊಂದೂ ಸಣ್ಣದು. ಬರೀ ಕಬ್ಬಿಣದ ಕೊರತೆಯಾಗಿದ್ದರೆ ಕಣಗಳ ಎಣಿಕೆಯೂ ಸಾಮಾನ್ಯವಾಗಿ ಇಳಿಯುತ್ತದೆ. 64ನ್ನು 5.8ರಿಂದ ಭಾಗಿಸಿದರೆ 11. ಇದು 13ಕ್ಕಿಂತ ಕಡಿಮೆ ಬಂದರೆ ಥಲಸೇಮಿಯಾ ವಾಹಕತ್ವದ (ತಮಗೆ ಕಾಯಿಲೆಯಿಲ್ಲದಿದ್ದರೂ ದೋಷದ ಜೀನ್ ಹೊತ್ತಿರುವುದರ) ಅನುಮಾನ ಬಲವಾಗುತ್ತದೆ. ಅನುಮಾನವಷ್ಟೇ, ನಿರ್ಣಯವಲ್ಲ.

ಥಲಸೇಮಿಯಾದಲ್ಲಿ ಬೀಟಾ, ಆಲ್ಫಾ ಎಂಬ ಬಗೆಗಳಿವೆ. ಬೀಟಾ ಥಲಸೇಮಿಯಾ ವಾಹಕರಲ್ಲಿ ಎ2 ಸಾಮಾನ್ಯವಾಗಿ ಶೇ. 3.5ಕ್ಕಿಂತ ಮೇಲಿರುತ್ತದೆ. ಜೊತೆಗೆ ಕಬ್ಬಿಣದ ಕೊರತೆಯೂ ಇದ್ದರೆ ಎ2 ತುಸು ಕೆಳಗಿಳಿದು, ವಾಹಕರೂ ‘ನಾರ್ಮಲ್’ ಪಟ್ಟಿಗೆ ಸೇರಿಬಿಡುತ್ತಾರೆ. ನಿಮ್ಮ ಮಗಳ 3.4 ಗಡಿಯ ಮೇಲೇ ನಿಂತಿದೆ. ಮೊದಲು ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತಿಳಿಸುವ ಪರೀಕ್ಷೆ) ಮಾಡಿಸಿ, ಜ್ವರ-ಸೋಂಕು ಇಲ್ಲದ ದಿನ; ಸೋಂಕಿದ್ದಾಗ ಅದು ಸುಳ್ಳೇ ಏರುತ್ತದೆ. 15ಕ್ಕಿಂತ ಕಡಿಮೆ ಬಂದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಮೂರು ತಿಂಗಳು ಗುಳಿಗೆಯನ್ನು ತಪ್ಪದೆ ಕೊಟ್ಟು, ಎಚ್‌ಪಿಎಲ್‌ಸಿ ಮತ್ತೆ ಮಾಡಿಸಿ. ಕಬ್ಬಿಣ ಸಾಕಷ್ಟಿದ್ದೂ ಎಂಸಿವಿ ಏಳದಿದ್ದರೆ ಡಿಎನ್ಎ ಪರೀಕ್ಷೆ ಬೇಕು. ಆಲ್ಫಾ ಥಲಸೇಮಿಯಾ ವಾಹಕರ ಎಚ್‌ಪಿಎಲ್‌ಸಿಯಲ್ಲಂತೂ ಬಹುಪಾಲು ಏನೂ ಕಾಣುವುದಿಲ್ಲ.

ರಕ್ತ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ 2 ಎಂಎಲ್ ಸಾಕು. ತುಂಬಿದ ಕೂಡಲೇ ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಇಲ್ಲವಾದರೆ ಗಂಟುಕಟ್ಟುತ್ತದೆ. ಸಿಬಿಸಿಯನ್ನು ಗದಗಿನಲ್ಲೇ ಅದೇ ದಿನ ಮಾಡಿಸಿಬಿಡಿ. ಮರುದಿನದವರೆಗೆ ಇಟ್ಟರೆ ಕಣಗಳು ಉಬ್ಬಿ ಎಂಸಿವಿ ದೊಡ್ಡದಾಗಿ ಕಾಣುತ್ತದೆ. ಎಚ್‌ಪಿಎಲ್‌ಸಿಗೆ ಹುಬ್ಬಳ್ಳಿಗೆ ಹೋಗುವ ಟ್ಯೂಬು ತಣ್ಣಗಿರಲಿ, ಮಂಜುಗಟ್ಟಬಾರದು. ಕಳೆದ ಮೂರು ತಿಂಗಳಲ್ಲಿ ರಕ್ತ ಏರಿಸಿದ್ದರೆ ಆ ವರದಿ ದಾನಿಯದ್ದನ್ನೂ ಬೆರೆಸಿ ತೋರಿಸುತ್ತದೆ.

ಇಷ್ಟಕ್ಕೂ ಮೂರು ತಿಂಗಳು ಕೈಕಟ್ಟಿ ಕೂರಬೇಕಿಲ್ಲ. ಇದೇ ವಾರ ನೀವು, ನಿಮ್ಮ ಯಜಮಾನರು, ನಿಮ್ಮ ತಮ್ಮ ಮೂವರೂ ಸಿಬಿಸಿ, ಎಚ್‌ಪಿಎಲ್‌ಸಿ ಮಾಡಿಸಿ. ಮಗಳಿಗೆ ಈ ಗುಣ ಬಂದಿದ್ದರೆ ನಿಮ್ಮಿಬ್ಬರಲ್ಲಿ ಒಬ್ಬರಿಂದ ಬಂದಿರುತ್ತದೆ. ನಿಮ್ಮಿಂದ ಬಂದಿದ್ದರೆ ನಿಮ್ಮ ತಮ್ಮನಲ್ಲೂ ಇರುವ ಸಾಧ್ಯತೆ ಅರ್ಧಕ್ಕರ್ಧ. ಸೋದರಮಾವನಿಗೆ ಕೊಡುವ ಮನೆಗಳಲ್ಲಿ ನಾವು ಇಷ್ಟು ಒತ್ತಿ ಹೇಳುವುದು ಇದಕ್ಕೇ. ನಿಮ್ಮ ತಮ್ಮನ ರಕ್ತ ಎಲ್ಲ ರೀತಿಯಿಂದಲೂ ಸರಿ ಇದ್ದರೆ, ಮಗಳು ವಾಹಕಳಾದರೂ ಮಕ್ಕಳು ಹೆಚ್ಚೆಂದರೆ ವಾಹಕರಾದಾರು. ಇಬ್ಬರೂ ಬೀಟಾ ವಾಹಕರಾದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಥಲಸೇಮಿಯಾ ಮೇಜರ್ (ಪದೇ ಪದೇ ರಕ್ತ ಏರಿಸಬೇಕಾದ ತೀವ್ರ ಕಾಯಿಲೆ) ಸಾಧ್ಯತೆ. ಆಗ ಇಬ್ಬರ ಜೀನ್ ದೋಷ ಯಾವುದೆಂದು ಬಸಿರಿಗೆ ಮೊದಲೇ ಪತ್ತೆಮಾಡಿಸಿಡಬೇಕು. ಅದು ಕೈಯಲ್ಲಿದ್ದರಷ್ಟೇ 11–12ನೇ ವಾರದಲ್ಲಿ ಮಾಸಿನ (ಪ್ಲಾಸೆಂಟಾ) ಅಂಶ ತೆಗೆದು ಭ್ರೂಣವನ್ನು ಪರೀಕ್ಷಿಸಲು ಹೊತ್ತು ಸಿಗುತ್ತದೆ.