ಕುಮಟಾದ ಗೆಳೆಯರ ಪ್ರಶ್ನೆಗೆ: ಮೊದಲು ಹಾವು ಕಡಿತ, ದೇವರ ಚರ್ಚೆ ಆಮೇಲೆ

ಕುಮಟಾದ ಗೆಳೆಯರೇ, ನೀವು ಕೇಳಿದ್ದು ಇಷ್ಟು. ಎಂಟು ಜನ ಸೇರಿದ್ದೀರಿ. ಯಾರಿಗೂ ಪೂಜೆ ಪುನಸ್ಕಾರದಲ್ಲಿ ನಂಬಿಕೆ ಇಲ್ಲ, ಮನುಷ್ಯರ ಕಷ್ಟಕ್ಕೆ ಮನುಷ್ಯರೇ ಆಗಬೇಕು ಅನ್ನೋದು ನಿಮ್ಮ ವಿಚಾರ. ತಿಂಗಳಿಗೊಂದು ಉಪನ್ಯಾಸ ಇಡಬೇಕು, ಜೊತೆಗೆ ಊರಿಗೆ ಉಪಯೋಗ ಆಗುವ ಏನಾದರೂ ಕೆಲಸ ಮಾಡಬೇಕು ಅಂತಿದ್ದೀರಿ. ಮೊದಲ ಸಲ ‘ದೇವರು ಇದ್ದಾನೆಯೇ’ ಅಂತ ವಿಷಯ ಇಟ್ಟರೆ ಜನ ಬರ್ತಾರಾ, ಗಲಾಟೆ ಆಗುತ್ತಾ ಅನ್ನೋದು ನಿಮ್ಮ ಚಿಂತೆ. ಕಾರವಾರದಲ್ಲಿ ನಾವು ಇಂಥದ್ದೇ ಒಂದು ಸಣ್ಣ ಬಳಗ ನಡೆಸುತ್ತಿದ್ದೇವೆ, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಆ ವಿಷಯ ಮೊದಲಿಗೆ ಬೇಡ. ಹೆದರಿ ಹೇಳುತ್ತಿಲ್ಲ. ಆ ಪ್ರಶ್ನೆಗೆ ಬರುವವರು ಎರಡೇ ಥರ: ಆಗಲೇ ಒಪ್ಪಿದವರು, ಜಗಳ ಕಾಯಲು ಬಂದವರು. ಇಬ್ಬರೂ ಬಂದ ಹಾಗೇ ಮನೆಗೆ ಹೋಗುತ್ತಾರೆ. ನಿಮಗೆ ಬೇಕಾಗಿರುವುದು ಮಧ್ಯದ ಜನ. ಅಂಗನವಾಡಿಯ ಅಕ್ಕ, ಬೋಟಿಗೆ ಹೋಗುವವರು, ತೋಟದ ಕೆಲಸದವರು, ಕಾಲೇಜಿನ ಹುಡುಗಿಯರು. ಅವರಿಗೆ ಯಾವುದು ಚಿಂತೆಯೋ ಅದನ್ನು ಹಿಡಿಯಿರಿ, ಮತ್ತು ಪ್ರತಿ ಉಪನ್ಯಾಸದ ಕೊನೆಗೆ ಕೈಯಾರೆ ಮಾಡುವ ಒಂದು ಕೆಲಸ ಇರಲೇಬೇಕು. ನನ್ನ ಇಷ್ಟುದ್ದದ ಉತ್ತರದಲ್ಲಿ ಒಂದೇ ಮಾತು ಇಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಉದಾಹರಣೆಗೆ ಹಾವು ಕಡಿತ. ಕುಮಟಾ, ಹೊನ್ನಾವರ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಎಲ್ಲ ಕಡೆ ಗದ್ದೆ ತೋಟದ ಬದುಕು. ಹಾವಿನ ಭಯ ಇಲ್ಲದ ಮನೆ ಇಲ್ಲ. ಕಚ್ಚಿದ ತಕ್ಷಣ ಮಂತ್ರ ಹಾಕುವವರ ಹತ್ತಿರ, ಬೇರು ಅರೆದು ಕೊಡುವವರ ಹತ್ತಿರ ಓಡುವವರು ಇವತ್ತಿಗೂ ಇದ್ದಾರೆ. ಅವರನ್ನು ದಡ್ಡರು ಅಂದರೆ ಅಲ್ಲಿಗೆ ಮಾತು ಮುಗಿಯಿತು. ಬದಲಿಗೆ ಮಂತ್ರ ಹಾಕಿಸಿದವರಲ್ಲಿ ತುಂಬಾ ಜನ ಬದುಕುವುದು ಯಾಕೆ ಅಂತ ಕೇಳಿ. ಸಭೆ ಆಗ ಕಿವಿ ನಿಮಿರಿಸುತ್ತದೆ. ಕಚ್ಚುವ ಹಾವುಗಳಲ್ಲಿ ಜಾಸ್ತಿ ವಿಷ ಇಲ್ಲದವು. ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಸುಮ್ನೆ ಕಚ್ಚುತ್ತದೆ. ಇಂಥವರೆಲ್ಲ ಯಾವ ಮದ್ದಿಲ್ಲದೆಯೂ ಬದುಕುತ್ತಿದ್ದರು, ಹೆಸರು ಮಾತ್ರ ಮಂತ್ರಕ್ಕೆ ಬಂತು. ಆದರೆ ನಿಜವಾಗಿ ವಿಷ ಏರಿದವರಿಗೆ ಆ ಒಂದು ಗಂಟೆ ತಡ ಆದದ್ದೇ ಪ್ರಾಣಕ್ಕೆ ಬರುತ್ತದೆ. ಇದನ್ನು ಒಬ್ಬ ಡಾಕ್ಟರ್ ನಿಧಾನವಾಗಿ ಬಿಡಿಸಿ ಹೇಳಿದರೆ, ಮಂತ್ರ ಹಾಕುವವರ ಮನೆಯವರೇ ಕೂತು ಕೇಳುತ್ತಾರೆ. ವಿಚಾರವಾದ ಅಂದರೆ ಇದೇ ತಾನೇ?

ಆಮೇಲೆ ಕೆಲಸ. ಒಂದು ಬೆಂಚು, ಎರಡು ಉದ್ದ ಮರದ ಪಟ್ಟಿ, ಬಟ್ಟೆಯ ಸುರುಳಿ ಸಾಕು. ಒಬ್ಬ ಹುಡುಗನನ್ನು ಮಲಗಿಸಿ, ಕಾಲು ಅಲುಗಾಡದ ಹಾಗೆ ಪಟ್ಟಿ ಇಟ್ಟು ಬಟ್ಟೆ ಸುತ್ತುವುದನ್ನು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿ. ಬಿಗಿಯಾಗಿ ಹಗ್ಗ ಕಟ್ಟಬಾರದು, ಕೊಯ್ಯಬಾರದು, ಬಾಯಿ ಹಾಕಿ ಹೀರಬಾರದು. ಉಂಗುರ, ಕಾಲ್ಗೆಜ್ಜೆ, ಬಳೆ ತೆಗೆಯಬೇಕು, ಬಾವು ಬಂದ ಮೇಲೆ ಬರುವುದಿಲ್ಲ. ಕಚ್ಚಿದ ಹೊತ್ತು ನೆನಪಿಡಬೇಕು, ಹಾವನ್ನು ಹುಡುಕಿ ಹೊಡೆಯಲು ಹೋಗಬಾರದು, 108ಕ್ಕೆ ಫೋನ್ ಮಾಡಬೇಕು. ಕಟ್ಟುಹಾವು ರಾತ್ರಿ ಮಲಗಿದಲ್ಲಿ ಕಚ್ಚಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ, ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋತು ಬೀಳುವುದು ಕಂಡರೆ ಅದನ್ನೂ ನೆನೆಯಬೇಕು ಅಂತ ಹೇಳಿ. ನಮ್ಮ ದೇಶದಲ್ಲಿ ಕೊಡುವ ವಿಷಮದ್ದು, ಅಂದರೆ ಹಾವಿನ ವಿಷ ಇಳಿಸುವ ಚುಚ್ಚುಮದ್ದು, ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಘಟ್ಟದ ಗುಳಿಮಂಡಲಗಳಿಗೆ ಅದು ನಾಟುವುದಿಲ್ಲ, ಆದರೂ ಆಸ್ಪತ್ರೆಯಲ್ಲಿ ರಕ್ತ, ಮೂತ್ರಪಿಂಡ ನೋಡಿಕೊಳ್ಳುವವರು ಇರುತ್ತಾರೆ. ಇದನ್ನು ಮುಚ್ಚಿಡಬೇಡಿ. ವಿಜ್ಞಾನಕ್ಕೆ ಎಲ್ಲಿ ಕೈಸಾಗದು ಅನ್ನುವುದನ್ನೂ ಹೇಳಿದರೆ ಜನ ನಂಬುತ್ತಾರೆ.

ಸಭೆ ಮುಗಿದ ಮೇಲೆ ಒಂದು ಪಟ್ಟಿ ಮಾಡಿ: ಯಾವ ಕೇರಿಯಲ್ಲಿ ರಾತ್ರಿ ಕರೆದರೆ ಗಾಡಿ ತೆಗೆಯುವವರು ಯಾರು, ಹತ್ತಿರದ ಯಾವ ಆಸ್ಪತ್ರೆಯಲ್ಲಿ ವಿಷಮದ್ದು ಇದೆ. ಎರಡನೆಯದನ್ನು ಅಂದಾಜಿನ ಮೇಲೆ ಬರೆಯಬೇಡಿ, ಇಬ್ಬರು ಹೋಗಿ ಔಷಧ ವಿಭಾಗದಲ್ಲಿ ಕೇಳಿ ಬನ್ನಿ, ಮಳೆಗಾಲಕ್ಕೆ ಮುಂಚೆ ಮತ್ತೊಂದು ಸಲ ಹೋಗಿ. ಆಶಾ ಕಾರ್ಯಕರ್ತೆಯರಿಗೆ ಒಂದೊಂದು ಪ್ರತಿ ಕೊಡಿ. ಈ ಪಟ್ಟಿ ಒಂದು ಜೀವ ಉಳಿಸಿದರೆ ನಿಮ್ಮ ಬಳಗ ಏನು ಅಂತ ಊರಿಗೆ ಬೇರೆ ಯಾರೂ ವಿವರಿಸಬೇಕಾಗಿಲ್ಲ. ಕಾನೂನಿನ ಮಾತು ಬಂದರೆ, ರಾಜ್ಯದ ಮೂಢನಂಬಿಕೆ ವಿರೋಧಿ ಕಾಯ್ದೆ 2017ರಲ್ಲಿ ಪಾಸಾಗಿ 2020ರಲ್ಲಿ ಜಾರಿಗೆ ಬಂತು. ಹಾವು, ಚೇಳು, ನಾಯಿ ಕಚ್ಚಿದವರನ್ನು ಆಸ್ಪತ್ರೆಗೆ ಹೋಗದಂತೆ ತಡೆದು ಮಂತ್ರ ತಂತ್ರ ಮಾಡುವುದೂ ಅದರಡಿ ಅಪರಾಧ. ಪೂಜೆ, ಭಜನೆ, ಯಾತ್ರೆಗೆ ಅದರಲ್ಲಿ ಅಡ್ಡಿಯೇನೂ ಇಲ್ಲ ಅನ್ನುವುದನ್ನೂ ಸೇರಿಸಿ ಹೇಳಿ, ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಮುಂದಿನ ತಿಂಗಳುಗಳಿಗೆ ವಿಷಯಕ್ಕೇನೂ ಬರ ಇಲ್ಲ. ಸಿದ್ದಾಪುರದ ಕಡೆಯವರಿಗೆ ಮಂಗನ ಕಾಯಿಲೆ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ರೋಗ, ಉಣ್ಣೆಯಿಂದ ಬರುತ್ತದೆ, ಸತ್ತ ಮಂಗ ಕಂಡರೆ ಮುಟ್ಟದೆ ಯಾರಿಗೆ ತಿಳಿಸಬೇಕು ಅನ್ನುವುದೇ ಆ ದಿನದ ಕೆಲಸ. ಗುಡ್ಡ ಯಾಕೆ ಕುಸಿಯುತ್ತದೆ ಅನ್ನುವುದು ಇನ್ನೊಂದು. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಆದದ್ದನ್ನು ಕರಾವಳಿಯಲ್ಲಿ ಯಾರೂ ಮರೆತಿಲ್ಲ. ಆದರೆ ಆ ವಿಷಯಕ್ಕೆ ಭೂವಿಜ್ಞಾನ ಓದಿದವರನ್ನೇ ಕರೆಸಿ, ಅಲ್ಲಿನ ಮನೆಗಳ ನೋವು ಹಸಿಯಾಗಿದೆ, ಯಾರ ಹೆಸರನ್ನೂ ಎಳೆಯಬೇಡಿ. ಏಪ್ರಿಲ್ ಕೊನೆ, ಮೇ ಮೊದಲಿಗೆ ನಮ್ಮ ಜಿಲ್ಲೆಯಲ್ಲಿ ಸೂರ್ಯ ನಡುನೆತ್ತಿಗೆ ಬರುತ್ತಾನೆ. ಮಧ್ಯಾಹ್ನ ಹನ್ನೆರಡೂವರೆ ಹೊತ್ತಿಗೆ ಶಾಲೆಯ ಅಂಗಳದಲ್ಲಿ ನೆಟ್ಟಗೆ ಒಂದು ಬಾಟಲಿ ನಿಲ್ಲಿಸಿದರೆ ಅದರ ನೆರಳು ಬುಡದೊಳಗೆ ಸೇರಿಕೊಳ್ಳುತ್ತದೆ. ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ಗ್ರಹಣದ ಭಯದ ಮಾತು ತಾನಾಗಿ ಅಲ್ಲೇ ಏಳುತ್ತದೆ.

ಪವಾಡ ಬಯಲು ಕಾರ್ಯಕ್ರಮ ಇಡೋಣವಾ ಅಂತ ನಿಮ್ಮಲ್ಲೊಬ್ಬರು ಕೇಳಿದ್ದರು. ಇಡಿ, ಜನ ಸೇರುತ್ತಾರೆ. ಆದರೆ ನಾಲಿಗೆ ಮೇಲೆ ಕರ್ಪೂರ ಉರಿಸುವುದು, ಪೊಟ್ಯಾಸಿಯಂ ಪರ್ಮಾಂಗನೇಟಿಗೆ ಗ್ಲಿಸರಿನ್ ಬಿಟ್ಟು ಬೆಂಕಿ ಏಳಿಸುವುದು ಬೇಡವೇ ಬೇಡ, ಮರುದಿನ ಯಾವುದೋ ಮಗು ಮನೆಯಲ್ಲಿ ಮಾಡುತ್ತದೆ. ಕೆಂಪು ದಾಸವಾಳದ ಎಸಳನ್ನು ಚಾಕುವಿಗೆ ಚೆನ್ನಾಗಿ ತಿಕ್ಕಿ ಒಣಗಿಸಿ. ಆ ಚಾಕುವಿನಿಂದ ಲಿಂಬೆಹಣ್ಣು ಕೊಯ್ದರೆ ರಕ್ತದ ಹಾಗೆ ಕೆಂಪು ಹರಿಯುತ್ತದೆ, ಮಾಟ ಅಂತ ಹೆದರಿಸುವವರ ಆಟ ಇದೇ. ಹೂವಿನ ಬಣ್ಣಕ್ಕೆ ಹುಳಿ ತಾಗಿದರೆ ಕೆಂಪೇರುತ್ತದೆ, ಅಷ್ಟೇ. ಆಮೇಲೆ ಸಭೆಯಲ್ಲಿರುವ ಅಮ್ಮಂದಿರನ್ನು ಕೇಳಿ, ಆರತಿ ನೀರು ಕೆಂಪಗೆ ಆಗುವುದು ಹೇಗೆ ಅಂತ. ಅರಿಶಿನಕ್ಕೆ ಸುಣ್ಣ ಸೇರಿಸಿದರೆ ಆಗುತ್ತದೆ ಅಂತ ಅವರೇ ಹೇಳುತ್ತಾರೆ. ಅಲ್ಲಿಂದ ಕಾರ್ಯಕ್ರಮ ಅವರ ಕೈಗೆ ಹೋಗುತ್ತದೆ. ಪ್ರತಿಯೊಂದನ್ನೂ ಮಕ್ಕಳ ಕೈಯಲ್ಲಿ ಮಾಡಿಸಿ, ಗುಟ್ಟು ಇಟ್ಟುಕೊಳ್ಳಬೇಡಿ.

ದಿನ, ಹೊತ್ತು ಬದಲಾಯಿಸಬೇಡಿ. ಎಚ್. ನರಸಿಂಹಯ್ಯನವರು ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಸೈನ್ಸ್ ಫೋರಂ ಶುರು ಮಾಡಿದರು, ಬುಧವಾರ ಸಂಜೆ ಅಂದರೆ ಅಲ್ಲಿ ಉಪನ್ಯಾಸ ಅಂತ ಜನರಿಗೆ ಗೊತ್ತಿತ್ತು. ನೀವೂ ತಿಂಗಳ ಎರಡನೇ ಭಾನುವಾರ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಹತ್ತೂವರೆ ಒಳ್ಳೆಯದು. ಸಂಜೆ ಇಟ್ಟರೆ ಹಳ್ಳಿಯ ಹೆಂಗಸರು ಕೊನೆಯ ಬಸ್ಸಿನ ಚಿಂತೆಯಲ್ಲಿ ಪ್ರಶ್ನೋತ್ತರಕ್ಕೆ ಮುಂಚೆಯೇ ಎದ್ದು ಹೋಗುತ್ತಾರೆ. ಮೀನುಗಾರರ ಕೇರಿಯಲ್ಲಿ ಇಡುವುದಾದರೆ ಜೂನ್, ಜುಲೈ ನೋಡಿ. ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಬೋಟು ಇಳಿಸದ 61 ದಿನ, ಗಂಡಸರೂ ಮನೆಯಲ್ಲಿರುತ್ತಾರೆ, ಮಾತು ಕೊಂಕಣಿಯಲ್ಲೇ ಇರಲಿ. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಯಾರೂ ಸಿಗುವುದಿಲ್ಲ. ಎಲ್ಲಿ ಮಾಡುವುದು ಅಂದಿರಿ. ಶಾಲೆ, ಗ್ರಂಥಾಲಯ, ಪಂಚಾಯತಿಯ ಸಭಾಂಗಣ, ಯಾವುದಾದರೂ ಆದೀತು, ಮೆಟ್ಟಿಲು ಕಡಿಮೆ ಇರಲಿ.

ಮಾತಾಡುವವರಿಗೆ ನಲವತ್ತು ನಿಮಿಷ, ಪ್ರಶ್ನೆಗೆ ಅದಕ್ಕಿಂತ ಜಾಸ್ತಿ ಹೊತ್ತು. ಮಳೆಗಾಲದ ರಾತ್ರಿ ತಾಳಮದ್ದಳೆಗೆ ಕೂತು ವಾದ ಪ್ರತಿವಾದ ಕೇಳಿ ಬೆಳೆದ ಜನ ನಾವು. ವಾಲಿಯ ಪರ, ರಾಮನ ಪರ ಎರಡೂ ಕಡೆ ಕೇಳಿ ತಲೆದೂಗುತ್ತೇವೆ. ಹಾಗಾಗಿ ಎದುರು ಮಾತು ಬಂದರೆ ಗಾಬರಿ ಬೇಡ. ಆದರೆ ಮೈಕ್ ಯಾವಾಗಲೂ ಅದೇ ನಾಲ್ಕು ಗಂಡಸರ ಕೈಗೆ ಹೋಗುತ್ತದೆ. ಅದಕ್ಕೆ ನಾವು ಮಾಡಿದ್ದು ಇಷ್ಟು. ಬಾಗಿಲಲ್ಲಿ ಚೀಟಿ, ಪೆನ್ಸಿಲ್ ಇಡುತ್ತೇವೆ, ಹೆಸರು ಬರೆಯಬೇಕಾಗಿಲ್ಲ, ಡಬ್ಬಿಗೆ ಹಾಕಿದರಾಯಿತು. ‘ಮುಟ್ಟಾದಾಗ ಉಪ್ಪಿನಕಾಯಿ ಮುಟ್ಟಿದರೆ ನಿಜವಾಗಿ ಕೆಡುತ್ತಾ’ ಅನ್ನುವಂಥ ಪ್ರಶ್ನೆ ಮೈಕಿನಲ್ಲಿ ಬರುವುದಿಲ್ಲ, ಚೀಟಿಯಲ್ಲಿ ಬರುತ್ತದೆ. ಅಂಥ ಚೀಟಿ ಬಂದ ದಿನ ನನಗೆ ತುಂಬಾ ಖುಷಿಯಾಗುತ್ತದೆ.

ಸೇವೆಯ ವಿಷಯದಲ್ಲಿ ಇನ್ನೆರಡು ಮಾತು. ರಕ್ತದಾನ ಸುಲಭ, ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು, ಒಂದೇ ದಿನ ದೊಡ್ಡ ಶಿಬಿರ ಮಾಡುವುದಕ್ಕಿಂತ ಕರೆದಾಗ ಬರುವವರ ಪಟ್ಟಿ ಇಟ್ಟುಕೊಳ್ಳುವುದು ಮೇಲು. ನೇತ್ರದಾನಕ್ಕೆ ಮುಖ್ಯ ಮನೆಯವರ ಒಪ್ಪಿಗೆ. ತೀರಿಕೊಂಡ ಆರು ಗಂಟೆಯೊಳಗೆ ಆಗಬೇಕು, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಬೇಕು, ಫ್ಯಾನ್ ಆರಿಸಬೇಕು, ತಲೆ ಸ್ವಲ್ಪ ಎತ್ತರ ಇರಲಿ. ಕನ್ನಡಕ ಇದ್ದವರೂ, ಪೊರೆ ತೆಗೆಸಿಕೊಂಡವರೂ ಕೊಡಬಹುದು. ದುಃಖದ ಮನೆಗೆ ಹೋಗಿ ಇದನ್ನು ಮೆಲ್ಲಗೆ ನೆನಪಿಸುವ ಒಬ್ಬರು ನಿಮ್ಮಲ್ಲಿ ಬೇಕು. ಎಲ್ಲರಿಗೂ ಅದು ಆಗುವ ಕೆಲಸ ಅಲ್ಲ, ಮಾತು ಕಡಿಮೆ ಆಡುವವರನ್ನು ಆರಿಸಿ. ಈ ಕೆಲಸಗಳಿಗೆ ದೇವಸ್ಥಾನದ ಕಮಿಟಿಯವರು, ಮಸೀದಿಯವರು, ಇಗರ್ಜಿಯವರು ಜೊತೆಗೆ ಬಂದರೆ ಸಂತೋಷದಿಂದ ಕರೆದುಕೊಳ್ಳಿ.

‘ಇದೆಲ್ಲ ನಮ್ಮ ಕಡೆಯದ್ದಲ್ಲ’ ಅಂತ ಯಾರಾದರೂ ಅಂದರೆ ಗೋಕರ್ಣದ ಗೌರೀಶ ಕಾಯ್ಕಿಣಿಯವರ ಹೆಸರು ಹೇಳಿ. ಚಿಂತಕ ಎಂ. ಎನ್. ರಾಯ್ ಅವರ ನವಮಾನವತಾವಾದವನ್ನು, ಅಂದರೆ ಮನುಷ್ಯನ ಬುದ್ಧಿ, ಸ್ವಾತಂತ್ರ್ಯವೇ ಮುಖ್ಯ ಅನ್ನುವ ವಿಚಾರವನ್ನು ಮೆಚ್ಚಿ, ಕನ್ನಡದಲ್ಲಿ ವಿಚಾರ ಬರೆಯುತ್ತ ಬಾಳಿದವರು ಅವರು. ಅಂಕೋಲೆಯ ದಿನಕರ ದೇಸಾಯಿಯವರು ಗೇಣಿ ರೈತರ ಪರ ನಿಂತರು, 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯುದ್ದಕ್ಕೂ ಶಾಲೆ ತೆರೆದರು. ನಿಮ್ಮ ಎಂಟು ಜನರಲ್ಲೇ ಎಷ್ಟೋ ಮಂದಿ ಆ ಶಾಲೆಗಳಲ್ಲಿ ಓದಿರಬಹುದು.

ದುಡ್ಡಿನ ಬಗ್ಗೆ: ಪಕ್ಷದವರ ಹತ್ತಿರ ಬೇಡ, ದೊಡ್ಡ ದೇಣಿಗೆ ಬೇಡ. ಬಾಗಿಲ ಹತ್ತಿರ ಒಂದು ಡಬ್ಬಿ, ತಿಂಗಳ ಲೆಕ್ಕ ಗೋಡೆ ಮೇಲೆ. ನೋಂದಣಿಗೆ ಏಳು ಜನ ಸಾಕು, ನೀವು ಎಂಟಿದ್ದೀರಿ, ಆದರೆ ಒಂದು ವರ್ಷ ಕೆಲಸ ಮಾಡಿ ನೋಡಿ, ಅಧ್ಯಕ್ಷರು ಯಾರು ಅನ್ನುವ ಜಗಳ ಈಗಲೇ ಯಾಕೆ? ‘ದೇವರು ಇದ್ದಾನೆಯೇ’ ಕೂಡ ಇಡಿ, ವರ್ಷ ಕಳೆದ ಮೇಲೆ. ಅಷ್ಟು ಹೊತ್ತಿಗೆ ಒಟ್ಟಿಗೆ ಕೆಲಸ ಮಾಡಿದ ಭಕ್ತರೇ ಎದುರಿಗೆ ಕೂತು ವಾದ ಮಾಡುತ್ತಾರೆ, ಅಂಥ ಸಭೆ ಕೇಳಲು ನಾನೇ ಬರುತ್ತೇನೆ.

ಹಾವು ಕಡಿತದ ದಿನ ಗೊತ್ತಾದರೆ ಇಲ್ಲೇ ತಿಳಿಸಿ. ಪಟ್ಟಿ, ಬಟ್ಟೆ ಸುರುಳಿ ನಮ್ಮಲ್ಲಿ ಇವೆ, ಕಾರವಾರದಿಂದ ಮೂರ್ನಾಲ್ಕು ಜನ ತಂದುಕೊಡುತ್ತೇವೆ. ಡಾಕ್ಟರನ್ನು ಮಾತ್ರ ಕುಮಟಾದಲ್ಲೇ ಹುಡುಕಿ, ಊರಿನವರ ಮುಖ ಪರಿಚಯ ಇರುವವರೇ ಆಗಬೇಕು.