ಪ್ರೋಬಯಾಟಿಕ್ ಪಾನೀಯ ದಿನವೂ ಬೇಕೇ?

ಪ್ರಶ್ನೆ: ನನಗೆ 42 ವರ್ಷ, ಬ್ಯಾಂಕ್ ನೌಕರ. ಯಾವ ಕಾಯಿಲೆಯೂ ಇಲ್ಲ, ಮಾತ್ರೆಯೂ ಇಲ್ಲ. ಸಾಮಾನ್ಯವಾಗಿ ದಿನಕ್ಕೊಮ್ಮೆ ಮಲವಿಸರ್ಜನೆ ಆಗುತ್ತದೆ. ವಾರದಲ್ಲಿ ಒಂದೆರಡು ದಿನ ಆಗುವುದೇ ಇಲ್ಲ, ಆದರೂ ತೊಂದರೆ ಅನ್ನಿಸಿಲ್ಲ. ಹೊಟ್ಟೆ ದಿನವೂ ಖಾಲಿಯಾಗಲೇಬೇಕು, ಪ್ರೋಬಯಾಟಿಕ್ ಪಾನೀಯ ಕುಡಿಯಿರಿ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಕುಡಿಯಬೇಕೇ? ಮನೆಯ ಮೊಸರು ಸಾಲದೇ?
– ಓದುಗರು, ದಾವಣಗೆರೆ

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಸರಿಪಡಿಸಬೇಕಾದ ದೋಷವೇನೂ ಕಾಣುವುದಿಲ್ಲ. ದಿನಕ್ಕೆ ಮೂರು ಬಾರಿಯಿಂದ ಹಿಡಿದು ವಾರಕ್ಕೆ ಮೂರು ಬಾರಿಯವರೆಗೆ ಮಲವಿಸರ್ಜನೆ ಆಗುವುದನ್ನು ವೈದ್ಯರು ಸಹಜವೆಂದೇ ಪರಿಗಣಿಸುತ್ತಾರೆ. ತಿಣುಕಬೇಕಾಗುತ್ತದೆಯೇ, ಮಲ ಗಟ್ಟಿಯಾಗಿ ಉಂಡೆಗಟ್ಟುತ್ತದೆಯೇ ಎಂಬುದು ಎಣಿಕೆಗಿಂತ ಮುಖ್ಯ.

ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಪ್ರಯೋಜನ ನೀಡುವ ಜೀವಂತ ಸೂಕ್ಷ್ಮಜೀವಿಗಳನ್ನು ಪ್ರೋಬಯಾಟಿಕ್ ಎನ್ನುತ್ತಾರೆ. ಆದರೆ ಆ ಪ್ರಯೋಜನ ತಳಿಯಿಂದ ತಳಿಗೆ ಬೇರೆಯಾಗುವುದರಿಂದ ಒಂದು ತಳಿಯ ಗುಣವನ್ನು ಇನ್ನೊಂದಕ್ಕೆ ಆರೋಪಿಸುವಂತಿಲ್ಲ. ಬೈಫಿಡೋಬ್ಯಾಕ್ಟೀರಿಯಮ್ ಲ್ಯಾಕ್ಟಿಸ್ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳು ಮಲಬದ್ಧತೆ ಇರುವವರಿಗೆ ಅಷ್ಟಿಷ್ಟು ನೆರವಾದದ್ದುಂಟು. ನಿಮ್ಮಂತೆ ಸಹಜವಾಗಿರುವವರಿಗೆ ಅದರಿಂದ ಹೆಚ್ಚಿನ ಲಾಭ ನಿರೀಕ್ಷಿಸಲು ಕಾರಣವಿಲ್ಲ. ಕುಡಿಯುವುದನ್ನು ನಿಲ್ಲಿಸಿದ ಕೆಲವೇ ವಾರಗಳಲ್ಲಿ ಆ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕರುಳಿನಿಂದ ಮರೆಯಾಗುತ್ತವೆ ಕೂಡ. ಇಂತಹ ಪಾನೀಯಗಳಲ್ಲಿ ಸಕ್ಕರೆ ಎಷ್ಟಿದೆಯೆಂದು ಲೇಬಲ್ ಓದಿ ನೋಡಿ.

ಐರೋಪ್ಯ ಒಕ್ಕೂಟವು 2015ರಲ್ಲಿ ಮಲವಿಸರ್ಜನೆ ಸರಾಗವಾಗಲು ನೆರವಾಗುತ್ತದೆ ಎಂದು ಲೇಬಲ್‌ನಲ್ಲಿ ಹೇಳಿಕೊಳ್ಳಲು ಒಪ್ಪಿಗೆ ಕೊಟ್ಟದ್ದು ಯಾವುದೋ ಬ್ಯಾಕ್ಟೀರಿಯಾಕ್ಕಲ್ಲ, ಚಿಕೋರಿ ಬೇರಿನಿಂದ ತೆಗೆದ ಇನುಲಿನ್ ಎಂಬ ನಾರಿಗೆ. ಅದೂ ದಿನಕ್ಕೆ 12 ಗ್ರಾಂ ಸೇವಿಸಿದರೆ. (ಕಾಫಿಪುಡಿಯ ಚಿಕೋರಿಯನ್ನು ಈ ಲೆಕ್ಕಕ್ಕೆ ಹಿಡಿಯಬೇಡಿ, ಹುರಿಯುವಾಗ ಇನುಲಿನ್ ಬಹಳಷ್ಟು ಒಡೆದುಹೋಗಿರುತ್ತದೆ.)

ಮೊಸರನ್ನು ಧಾರಾಳವಾಗಿ ತಿನ್ನಿ. ಹಾಲು ಒಗ್ಗದ ಅನೇಕರಿಗೂ ಅದು ಒಗ್ಗುತ್ತದೆ. ಆದರೆ ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾ ಮನೆಯಿಂದ ಮನೆಗೆ ಬದಲಾಗುವುದರಿಂದ ಅದನ್ನು ಅಳತೆಯಿಟ್ಟ ಔಷಧಿಯೆಂದು ಭಾವಿಸುವಂತಿಲ್ಲ. ಮಜ್ಜಿಗೆ ಹುಳಿ ಕುದಿಸಿದಿರೋ, ಅವು ಸತ್ತೇಹೋಗುತ್ತವೆ.

ನಿಮ್ಮ ಗಮನ ನಾರಿನಂಶದ ಕಡೆಗಿರಲಿ. ವಯಸ್ಕರು ದಿನಕ್ಕೆ ಕನಿಷ್ಠ 25 ಗ್ರಾಂ ನಾರು ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ಇದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಂ ಕೂಡ ಇಲ್ಲ. ಆದ್ದರಿಂದ ಮಧ್ಯಾಹ್ನದ ಡಬ್ಬಿಯಲ್ಲಿ ಬರೀ ಚಿತ್ರಾನ್ನವಿದ್ದರೆ ಜೊತೆಗೆ ಹೆಸರುಕಾಳಿನ ಪಲ್ಯವನ್ನೋ ಸೊಪ್ಪನ್ನೋ ಸೇರಿಸಿ, ನೀರನ್ನೂ ಹೆಚ್ಚಿಸಿ. ನಾರನ್ನು ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆ ಉಬ್ಬರಿಸೀತು, ನಿಧಾನವಾಗಿ ಮಾಡಿ. ತಿಂಡಿ ತಿಂದ ಮೇಲೆ ದೊಡ್ಡ ಕರುಳು ತಾನಾಗಿಯೇ ಚುರುಕಾಗುತ್ತದೆ. ಬಸ್ಸಿನ ಅವಸರದಲ್ಲಿ ಆ ಒತ್ತಡವನ್ನು ತಡೆಹಿಡಿಯುವುದೇ ಎಷ್ಟೋ ನೌಕರರ ಮಲಬದ್ಧತೆಗೆ ನಾಂದಿಯಾಗುತ್ತದೆ.

ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ರಕ್ತಹೀನತೆ ಇದ್ದರೆ ಅಥವಾ ಇದುವರೆಗಿನ ರೂಢಿ ಬದಲಾಗಿ ವಾರಗಟ್ಟಲೆ ಹಾಗೆಯೇ ಮುಂದುವರಿದರೆ, ಪಾನೀಯ ಕುಡಿದು ನೋಡೋಣವೆಂದು ಕಾಯದೆ ವೈದ್ಯರನ್ನು ಕಾಣಿರಿ.