ಹಸಿವು, ದಣಿವು ಗೊತ್ತೇ ಆಗದಿದ್ದಾಗ

ಇದು ಬಹುಶಃ ಬಹಳ ದಿನದ ಒತ್ತಡದ ಪರಿಣಾಮ. ಕೆಲಸ ಹೋದಮೇಲೆ ಹಸಿವು, ದಣಿವು ಗೊತ್ತಾಗುತ್ತಿಲ್ಲ, ಸಣ್ಣ ನಿರ್ಧಾರಕ್ಕೂ ನಿಮ್ಮ ಮೇಲೇ ನಿಮಗೆ ನಂಬಿಕೆ ಬರುತ್ತಿಲ್ಲ ಅಂದಿದ್ದೀರಿ, ಅಲ್ವಾ? ತಲೆ ಸದಾ ಮುಂದೇನು ಅಂತ ಹೆದರುತ್ತಿದ್ದರೆ ಮೈಯ ಮಾತು ಕೇಳಿಸುವುದಿಲ್ಲ.

ಮೊದಲು, ಹಸಿವಾಗಲಿ ಅಂತ ಕಾಯಬೇಡಿ. ಹೊತ್ತಿಗೆ ಸರಿಯಾಗಿ ಉಣ್ಣಿ, ಮಲಗಿ. ಆಮೇಲೆ ದಿನಕ್ಕೆ ಒಂದೆರಡು ಸಲ ಕುಳಿತು ಅಂಗಾಲನ್ನು ನೆಲಕ್ಕೆ ಒತ್ತಿ. ದವಡೆ ಬಿಗಿದಿದೆಯಾ, ಹೆಗಲು ಮೇಲೇರಿದೆಯಾ? ಸರಿಪಡಿಸಲು ಹೋಗಬೇಡಿ, ಸುಮ್ನೆ ಗಮನಿಸಿ. ಕೆಲವರಿಗೆ ಇದರಿಂದ ಗಾಬರಿ ಜಾಸ್ತಿಯಾಗುತ್ತದೆ. ಹಾಗಾದರೆ ಬಿಟ್ಟು, ಸುತ್ತಲಿನ ವಸ್ತುಗಳನ್ನು ನೋಡಿ.

ಆದರೆ ಮೈ ಏನಾದರೂ ಬೇಕು ಅನ್ನುತ್ತಿದ್ದರೆ ಆಗಲೇ ಸ್ಪಂದಿಸಿ: ಬಾಯಾರಿದ್ದರೆ ನೀರು ಕುಡಿಯಿರಿ, ಕಾಲು ಜೋಮು ಹಿಡಿದಿದ್ದರೆ ಎದ್ದು ಓಡಾಡಿ. ನನಗೆ ನಂಬಿಕೆ ಮರಳಿದ್ದು ಇಂಥ ಚಿಕ್ಕ ಕೆಲಸಗಳಿಂದಲೇ.

ಬೇರೆ ಕಾಯಿಲೆಯೂ ಕಾರಣವಿರಬಹುದು. 2 ವಾರವಾದರೂ ಹೀಗೇ ಇದ್ದರೆ ಡಾಕ್ಟರಿಗೆ ತೋರಿಸಿ. ಬದುಕೇ ಬೇಡ ಅನ್ನಿಸಿದರೆ ಇವತ್ತೇ ಹೋಗಿ, ಜೊತೆಗೆ ಯಾರನ್ನಾದರೂ ಕರೆದುಕೊಳ್ಳಿ.